ಮನೆಗೆ ಮರಳಿದ ಗೂಡುಗಳು

ನಮ್ಮ ಮನೆಯ ಅತ್ಯಂತ ಒಳ್ಳೆಯ ಕೋಣೆ ನಮ್ಮದಾಗಿರಲಿಲ್ಲ. ಕೊಟ್ಟೂರಿನಿಂದ ಕೂಡ್ಲಿಗಿ ಕಡೆಗೆ ಹೋಗುವ ಬಸ್ಸಿನಿಂದ ಇಳಿದು ಅರ್ಧ ಗಂಟೆ ನಡೆದರೆ ಸಿಗುವ ಊರು ನಮ್ಮದು. ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಎತ್ತರದ, ಎದುರುಬದುರು ಕಿಟಕಿಗಳಿದ್ದ, ಬೇಸಿಗೆಯಲ್ಲೂ ತಂಪಾಗಿರುತ್ತಿದ್ದ ನಡುಮನೆ. ಅದು ರೇಷ್ಮೆ ಹುಳುಗಳದ್ದು. ಅಜ್ಜಿ, ಅಪ್ಪ, ಅವ್ವ, ನಾನು ನಾಲ್ವರೂ ಪಡಸಾಲೆಯಲ್ಲಿ ಸಾಲಾಗಿ ಮಲಗುತ್ತಿದ್ದೆವು. ಒಳಗೆ ಬಿದಿರಿನ ತಟ್ಟೆಗಳು ಒಂದರ ಮೇಲೊಂದು ಮಾಳಿಗೆಯ ತನಕ ಏರಿದ್ದವು. ಇರುವೆ ಹತ್ತದಂತೆ ಅಟ್ಟಣಿಗೆಯ ಒಂದೊಂದು ಕಾಲನ್ನೂ ನೀರು ತುಂಬಿದ ಬಟ್ಟಲಿನಲ್ಲಿ ಇಟ್ಟಿದ್ದರು. ಆ ಬಟ್ಟಲುಗಳಿಗೆ ನೀರು ತುಂಬುವುದು ಮನೆಯಲ್ಲಿ ನನಗೆ ವಹಿಸಿದ ಮೊದಲ ಕೆಲಸ. ಹುಳುಗಳು ಸೊಪ್ಪು ತಿನ್ನುವ ಸದ್ದನ್ನು ಜನ ಮಳೆಗೆ ಹೋಲಿಸುತ್ತಾರೆ. ನನಗೆ ಹಾಗೆ ಕೇಳಿದ್ದಿಲ್ಲ. ದೂರದ ಕೊಟ್ಟಿಗೆಯಲ್ಲಿ ಬಹಳ ದನಗಳು ಒಟ್ಟಿಗೆ ಒಣಮೇವು ತಿನ್ನುತ್ತಿರುವಂತೆ, ತೃಪ್ತಿಯ ಸದ್ದಾಗಿ ಕೇಳುತ್ತಿತ್ತು.

ಹುಳುಗಳಿಗೆ ಹೊಗೆ ಆಗದು, ಘಾಟು ಆಗದು, ಪರಿಮಳವೂ ಆಗದು. ಆದ್ದರಿಂದ ಬೆಳೆ ಮನೆಯಲ್ಲಿದ್ದಷ್ಟು ದಿನ ದೇವರ ಮುಂದೆ ಊದಿನಕಡ್ಡಿ ಇಲ್ಲ, ಒಲೆಯ ಮೇಲೆ ಒಗ್ಗರಣೆ ಇಲ್ಲ. ಹಡಗಲಿಯ ಮಲ್ಲಿಗೆ ಬೀದಿಯಲ್ಲಿ ಮಾರಲು ಬಂದರೂ ಅವ್ವ ಮುಡಿಯುತ್ತಿರಲಿಲ್ಲ. ಜೋಳದ ರೊಟ್ಟಿ, ಸಪ್ಪೆ ಬೇಳೆ, ಮೊಸರು, ಇಷ್ಟೇ ಊಟ. ಹುಳು ಪೊರೆ ಬಿಡುವ ಮುನ್ನ ಮೇವು ನಿಲ್ಲಿಸಿ, ತಲೆಯೆತ್ತಿ ಕದಲದೆ ಕೂರುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಹುಳು ಜ್ವರಕ್ಕೆ ಕೂತ ದಿನ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ನನಗೇ ಜ್ವರ ಬಂದಾಗಲೂ ಅವ್ವ ಅಷ್ಟು ಮೆಲ್ಲಗೆ ನಡೆದಾಡಿದ್ದು ನೆನಪಿಲ್ಲ. ಅಜ್ಜಿಗೆ ಇದೆಲ್ಲ ಸಹಿಸಲಾಗುತ್ತಿರಲಿಲ್ಲ.

"ಶಿವಗ ಊದಿನಕಡ್ಡಿ ಇಲ್ಲ, ಮಗನ ಬಾಯಿಗೆ ಒಗ್ಗರಣಿ ಇಲ್ಲ. ಯಾರ ಮನಿ ಇದು? ನಮ್ಮದೋ, ಹುಳದ್ದೋ?"

"ಹುಳದ್ದು ಅತ್ತೀ. ನಾವು ಬಾಡಿಗಿಗೆ ಅದೀವಿ," ಎನ್ನುತ್ತಿದ್ದಳು ಅವ್ವ, ಸೊಪ್ಪು ಹಾಸುತ್ತಲೇ.

ಅಪ್ಪ ಬೀಡಿ ಸೇದುತ್ತಿದ್ದ. ಅದಕ್ಕೆ ಊರ ಹೊರಗಿನ ಬೇವಿನ ಮರದ ತನಕ ಹೋಗಬೇಕೆಂಬುದು ಅವ್ವನ ಕಟ್ಟಳೆ. ಹೋಗಿ ಬಂದವನನ್ನು ಬಾಗಿಲಲ್ಲೇ ತಡೆಯುತ್ತಿದ್ದಳು.

"ಕೈ ತೊಳಕೊಂಡ್ರಾ?"

"ತೊಳಕೊಂಡೆ."

"ಬಾಯಿ?"

"ಬಾಯಾಗ ಹುಳ ಸಾಕ್ತೀನೇನಲೇ ನಾನು?"

"ಸಾಕಿದ್ರ ಛಲೋ ಇತ್ತು. ಮಾತು ಕಡಿಮಿ ಆಗತಿತ್ತು."

ಇಂಥ ಜಗಳಗಳಿಲ್ಲದ ದಿನ ನಮ್ಮ ಮನೆಯಲ್ಲಿ ಇರಲಿಲ್ಲ. ಅವು ಓಣಿಯ ತುದಿಯವರೆಗೆ ಕೇಳಿಸುತ್ತಿದ್ದವು. ಎದುರುಮನೆಯ ಕೊಟ್ರಪ್ಪ ಮಾವ, ಅವನೂ ಹುಳು ಸಾಕುವವನೇ, ಹೆಗಲ ಟವೆಲ್ಲು ಹಾಸಿ ನಮ್ಮ ಕಟ್ಟೆಯ ಮೇಲೆ ಕೂತು "ಇವತ್ತು ಯಾವ ಆಟ ನಡೀತೈತ್ರಿ?" ಎಂದು ಕೇಳುತ್ತಿದ್ದ. ಅಪ್ಪ ಕೂಗುತ್ತಿದ್ದ, ಅವ್ವ ಕತ್ತರಿಸಿದಂತೆ ಉತ್ತರ ಕೊಡುತ್ತಿದ್ದಳು, ಅಜ್ಜಿ ಇಬ್ಬರನ್ನೂ ಬೈದು ತೀರ್ಪು ಕೊಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅಪ್ಪನ ನಗು ಕೇಳುತ್ತಿತ್ತು. ನಾನು ಮೂಲೆಯಲ್ಲಿ ಪುಸ್ತಕ ಹಿಡಿದು ಕೂತು, ಓದದೆ ಎಲ್ಲವನ್ನೂ ಕೇಳುತ್ತಿದ್ದೆ. ಮಾತು ಕಡಿಮೆಯ ಹುಡುಗಿ ನಾನು. ಆಡುವವರು ಅಷ್ಟು ಚೆನ್ನಾಗಿ ಆಡುತ್ತಿರುವಾಗ ನಾನೇನು ಸೇರಿಸಬೇಕಿತ್ತು?

ಅವ್ವ ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಆದರೆ ಹುಳುವಿನ ವಿಷಯದಲ್ಲಿ ಸುತ್ತಲಿನ ನಾಲ್ಕಾರು ಊರಿನವರು ಅವಳನ್ನು ಕೇಳಿಕೊಂಡು ಬರುತ್ತಿದ್ದರು. 'ಹುಳದಕ್ಕ' ಎಂದೇ ಹೆಸರಾಗಿತ್ತು. ಅಂಗೈ ಮೇಲೆ ಒಂದು ಹುಳು ಇಟ್ಟುಕೊಂಡು, ಬೆಳಕಿಗೆ ಹಿಡಿದು, ಅದರ ಮೈ ಗಾಜಿನಂತಾಗಿದೆಯೇ ನೋಡಿ, "ನಾಳೆ ಮಧ್ಯಾಹ್ನಕ್ಕ ಹಣ್ಣಾಗತಾವ, ಚಂದ್ರಿಕಿ ತಯಾರು ಇಟ್ಟುಕೊಳ್ರಿ" ಎನ್ನುತ್ತಿದ್ದಳು. ಹಣ್ಣಾದ ಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆಯೇ ಚಂದ್ರಿಕೆ. ಅವಳು ಹೇಳಿದ ಮಧ್ಯಾಹ್ನಕ್ಕೆ ಹುಳುಗಳು ಹಣ್ಣಾಗುತ್ತಿದ್ದವು. ದಿನದ ಲೆಕ್ಕದಲ್ಲಿ ಅವಳು ತಪ್ಪಿದ್ದನ್ನು ನಾನು ಕಂಡಿರಲಿಲ್ಲ. ಇವತ್ತಿಗೂ ಯಾರಾದರೂ ನನ್ನನ್ನು ಕರಾರುವಾಕ್ಕು ಎಂದರೆ, ಅದು ವಿಶ್ವವಿದ್ಯಾಲಯ ಕಲಿಸಿದ್ದಲ್ಲ ಎಂದುಕೊಳ್ಳುತ್ತೇನೆ.

ನಾನು ಆರನೆಯ ತರಗತಿಯಲ್ಲಿದ್ದಾಗ 'ಸುಂಕ' ಎಂಬ ಮಾತು ಮೊದಲ ಸಲ ನಮ್ಮ ಕಟ್ಟೆಗೆ ಬಂತು. ತಂದವನು ಕೊಟ್ರಪ್ಪ ಮಾವ.

"ದಿಲ್ಲ್ಯಾಗ ಸುಂಕ ಇಳಿಸ್ಯಾರಂತ. ಚೀನಾದ ನೂಲು ಹಡಗ ತುಂಬಿ ಬರಾಕ ಹತ್ತೈತಿ."

"ಅವರ ಊರಾಗ ಸೀರಿ ಉಡೋರು ಇಲ್ಲೇನು? ನಮ್ಮ ಕಡಿಗೆ ಯಾಕ ತರ್ತಾರ?" ಎಂದಳು ಅಜ್ಜಿ.

"ಅಜ್ಜೀ, ನಿನ್ನ ಒಂದು ಮಾತು ಕೇಳಿದ್ರ ಅವರು ಇಳಿಸ್ತಿದ್ದಿಲ್ಲ ಬಿಡು."

ಎಲ್ಲರೂ ನಕ್ಕರು. ಹೊರದೇಶದ ನೂಲಿನ ಮೇಲೆ ಹಾಕುವ ತೆರಿಗೆ ನಮ್ಮ ನಡುಮನೆಯ ಗೂಡಿನ ಬೆಲೆಗೆ ಆಸರೆಯಾಗಿತ್ತೆಂದು ನಮಗೆ ಗೊತ್ತಿರಲಿಲ್ಲ. ಆಸರೆ ತೆಗೆದ ಮೇಲೆ ಗೊತ್ತಾಯಿತು. ಮುಂದಿನ ಬೆಳೆಗೆ ಬೆಲೆ ಇಳಿಯಿತು, ಅದರ ಮುಂದಿನದಕ್ಕೆ ಇನ್ನೂ ಇಳಿಯಿತು. ಓಣಿಯ ಎರಡು ಮನೆಗಳವರು ತಟ್ಟೆಗಳನ್ನು ಮಾಳಿಗೆಯ ಮೇಲೆ ಒಗೆದು ಹುಳುವಿನ ಸಹವಾಸ ಬಿಟ್ಟರು. ಅವ್ವ ಬಿಡಲಿಲ್ಲ. ಹಿತ್ತಿಲಲ್ಲಿ ಹುಳುಗಳಿಗೆಂದೇ ಒಂದು ಪ್ರತ್ಯೇಕ ಮನೆ ಕಟ್ಟಿಸಬೇಕು, ನಡುಮನೆಯನ್ನು ನಮಗೆ ಬಿಡಿಸಿಕೊಡಬೇಕು ಎಂಬುದು ಅವಳ ಬಹುದಿನದ ಆಸೆ. ಜಾಗವನ್ನು ತಾನೇ ಹೆಜ್ಜೆಯಲ್ಲಿ ಅಳೆದು ಸುಣ್ಣದ ಗೆರೆ ಎಳೆದಿದ್ದಳು. "ಒಂದು ಛಲೋ ಬೆಳಿ ಕೈಗೆ ಸಿಗಲಿ, ಬುನಾದಿ ತಗಸ್ತೀನಿ" ಎನ್ನುತ್ತಿದ್ದಳು. ಅಪ್ಪ ಒಪ್ಪಿದ್ದ. ಆದರೆ ಅವನದೂ ಒಂದು ಮಾತಿತ್ತು. ಇದೊಂದು ಬೆಳೆಯೂ ಹೋದರೆ ಹಿಪ್ಪುನೇರಳೆ ಕಿತ್ತು ಮೆಕ್ಕೆಜೋಳ ಹಾಕುವುದು.

ಆ ಬೆಳೆ ಅವ್ವ ತೆಗೆದ ಬೆಳೆಗಳಲ್ಲೆಲ್ಲ ಚೆಲುವಾದದ್ದು. ಬೇಸಿಗೆ ಏರುತ್ತಿದ್ದ ದಿನಗಳು. ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ದಿನಕ್ಕೆ ನಾಲ್ಕು ಸಲ ಸೊಪ್ಪು ಕೊಟ್ಟು, ಕೂತು ಉಂಡದ್ದನ್ನೇ ನಾವು ಕಾಣದಂತೆ ದುಡಿದಳು. ಗೂಡುಗಳು ಬೆಳ್ಳಗೆ, ಗಟ್ಟಿಯಾಗಿ, ಒಂದೇ ಅಳತೆಗೆ ಬಂದವು. ಒಂದನ್ನು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಒಳಗೆ ಕೋಶವಾಗಿದ್ದ ಹುಳು ಗೂಡಿನ ಗೋಡೆಗೆ ತಾಗಿ ಟಕ್ ಎಂದಿತು. "ಕೇಳಿದ್ಯಾ? ಒಳಗ ಅದೀನಿ ಅಂತೈತಿ." ಅಪ್ಪ ಗೂಡುಗಳನ್ನು ಬಿಳಿ ಬಟ್ಟೆಯ ಚೀಲಗಳಲ್ಲಿ ತುಂಬಿಸಿಕೊಂಡು, ಕೊಟ್ರಪ್ಪ ಮಾವನ ಜೊತೆ ಟೆಂಪೋದಲ್ಲಿ ರಾಮನಗರದ ಮಾರುಕಟ್ಟೆಗೆ ಹೊರಟ. ಗೂಡು ಹೊಸ್ತಿಲು ದಾಟಿದ ಮೇಲೆ ನಡುಮನೆ ಸಾರಿಸಿ, ದೀಪ ಹಚ್ಚಿ, ಮಂಡಕ್ಕಿ ಒಗ್ಗರಣೆ ಮಾಡಿ ಮೆಣಸಿನಕಾಯಿ ಕರಿದು ತಿನ್ನುವುದು ನಮ್ಮ ಮನೆಯ ಪದ್ಧತಿ. ಹಾಗೇ ಮಾಡಿದೆವು. ಅಷ್ಟು ದಿನಗಳ ಸಪ್ಪೆಯ ನಂತರ ಮೆಣಸಿನಕಾಯಿಯ ಘಾಟಿಗೆ ಮೂವರೂ ಕೆಮ್ಮುತ್ತ ನಕ್ಕೆವು. ಅಜ್ಜಿ ಒಂದು ಹಿಡಿ ಊದಿನಕಡ್ಡಿ ಒಟ್ಟಿಗೆ ಹಚ್ಚಿದಳು.

ಮೂರನೆಯ ದಿನ ಬೆಳಿಗ್ಗೆ ಅಪ್ಪ ಬಂದ. ಅವನ ಹಿಂದೆ ಚೀಲಗಳೂ ಬಂದವು, ತುಂಬಿದಂತೆಯೇ. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಹೊಸ್ತಿಲ ದಾಟಿದ ಗೂಡು ಹೊಳ್ಳಿ ಒಳಗ ಬರಬಾರದಲೇ. ಏನಾತು?"

"ಅತ್ತಾಗ ಸರಿಯಬೇ. ಬಿಸಿಲಾಗ ಐತಿ ಮಾಲು."

ನಡೆದದ್ದನ್ನು ಅಪ್ಪ ನೀರು ಕುಡಿಯುತ್ತ ಹೇಳಿದ. ಹರಾಜಿನಲ್ಲಿ ಕೂಗಿದ ಬೆಲೆ ಒಪ್ಪಿಗೆಯಾಗದಿದ್ದರೆ ರೈತ ತನ್ನ ಗೂಡನ್ನು ವಾಪಸು ಒಯ್ಯಬಹುದು. ಆದರೆ ಅಷ್ಟು ದೂರದಿಂದ ಬಂದವರು ಯಾರೂ ಒಯ್ಯುವುದಿಲ್ಲ. ಕೊಟ್ರಪ್ಪ ಮಾವ ಕಣ್ಣು ಮುಚ್ಚಿ ಕೊಟ್ಟುಬಿಟ್ಟಿದ್ದ. ಅಪ್ಪ ಕೊಡಲಿಲ್ಲ.

"ನಮ್ಮ ಗೂಡು ನೋಡಿ ಕೂಗಿದ್ದಲ್ಲಲೇ ಅದು. ಯಾರೂ ಕೈಯಾಗ ಹಿಡದು ಸಹಿತ ನೋಡ್ಲಿಲ್ಲ. ನೀ ಸಾಕಿದ್ದಕ್ಕ ಆ ರೇಟಿಗೆ ಹೆಂಗ ಹೂಂ ಅನ್ಲಿ?"

ಅವ್ವ ಒಂದು ಕ್ಷಣ ಅವನ ಮುಖವನ್ನೇ ನೋಡಿದಳು. ಆಮೇಲೆ ಸಿಟ್ಟಾದಳು.

"ಜ್ವಾಳ ಅಂತ ಮಾಡೀರೇನು ಹೊಳ್ಳಿ ತಂದು ಇಡಾಕ? ಒಳಗ ಜೀವ ಐತಿ. ಚಿಟ್ಟಿ ಆಗಿ ತೂತು ಮಾಡಿಕೊಂಡು ಬಂತಂದ್ರ ನೂಲು ಹರೀತು. ಹರದ ಗೂಡನ್ನ ಯಾರು ಮೂಸ್ತಾರ?"

"ಎಷ್ಟು ದಿನ ಐತಿ ಅದಕ್ಕ?"

ಅವ್ವ ಚೀಲದಿಂದ ಒಂದು ಗೂಡು ತೆಗೆದು ಕಿವಿಗೆ ಹಿಡಿದಳು. ಇನ್ನೊಂದು ತೆಗೆದಳು.

"ಮೂರು ದಿನ."

ಸಂಜೆ ಕೊಟ್ರಪ್ಪ ಮಾವ ಸುದ್ದಿ ತಂದ. ಹಗರಿಬೊಮ್ಮನಹಳ್ಳಿ ಕಡೆಯ ಒಬ್ಬ ದಲ್ಲಾಳಿ ಮನೆಬಾಗಿಲಲ್ಲೇ ಗೂಡು ಕೊಳ್ಳುತ್ತಾನೆ, ಮಾರುಕಟ್ಟೆಗಿಂತಲೂ ಕಡಿಮೆಗೆ. ನಾಳೆ ಬೆಳಿಗ್ಗೆ ಬರುತ್ತಾನೆ. "ಬಂದಷ್ಟು ಬರಲಿ, ಕೊಟ್ಟುಬಿಡ್ರಿ" ಎಂದಳು ಅವ್ವ. ಅಪ್ಪ ಅಂಗಿಯ ಜೇಬಿನಿಂದ ಮಡಚಿದ ಪತ್ರಿಕೆ ತೆಗೆದ. ರೇಷ್ಮೆಯ ಸುದ್ದಿ ಇದೆ ಎಂದು ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಹೇಳಿದ್ದಕ್ಕೆ ಕೊಂಡು ತಂದಿದ್ದ. ಅಪ್ಪನಿಗೆ ಸಹಿ ಮಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಅವ್ವನಿಗೆ ಅಕ್ಷರ ಕೂಡಿಸಲು ತಡವಾಗುತ್ತಿತ್ತು. ಮನೆಗೆ ಬಂದ ಪ್ರತಿ ಕಾಗದ, ಔಷಧಿಯ ಡಬ್ಬಿ, ಲಗ್ನಪತ್ರಿಕೆ ಓದುವವಳು ನಾನು.

"ಓದವ್ವ. ಗಟ್ಟಿಯಾಗಿ ಓದು, ನಿಮ್ಮವ್ವಗ ಕೇಳಲಿ."

ನಾನು ಪಡಸಾಲೆಯ ದೀಪದ ಕೆಳಗೆ ನಿಂತು, ಶಾಲೆಯಲ್ಲಿ ಪಾಠ ಓದುವ ದನಿಯಲ್ಲಿ ಓದಿದೆ. ರೇಷ್ಮೆ ಬೆಳೆಗಾರರ ಮುಖಂಡರು ದಿಲ್ಲಿಗೆ ಹೋಗಿ ಮಂತ್ರಿಗಳನ್ನು ಕಂಡಿದ್ದರು. ಆಮದು ಸುಂಕವನ್ನು ಮತ್ತೆ ಏರಿಸುವ ಬೇಡಿಕೆಯನ್ನು ಪರಿಶೀಲಿಸುವುದಾಗಿ ಮಂತ್ರಿಗಳು ಭರವಸೆ ಕೊಟ್ಟಿದ್ದರು. ಅಷ್ಟು ಓದುವುದರಲ್ಲಿ ಅಪ್ಪ ಎದ್ದು ನಿಂತಿದ್ದ. "ಕೇಳಿದ್ಯಾ? ಏರಸ್ತಾರಂತ! ನಾ ಹೇಳ್ಲಿಲ್ಲ?" ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ. ಕೆಳಗೆ ಇನ್ನೂ ಒಂದು ಪ್ಯಾರಾ ಇತ್ತು. ಕಣ್ಣು ಅದರ ಮೇಲೆ ಆಗಲೇ ಹರಿದಾಗಿತ್ತು. ನೇಕಾರರಿಗೆ ಅಗ್ಗದ ನೂಲು ಬೇಕಾಗಿರುವುದರಿಂದ ಸುಂಕ ಏರಿಸುವ ಪ್ರಸ್ತಾಪ ಸದ್ಯಕ್ಕೆ ಇಲ್ಲ ಎಂದು ಅಧಿಕಾರಿಗಳು ಹೇಳಿದ್ದರು. ಅದು ನನಗೆ ಪೂರ್ತಿ ಅರ್ಥವಾಗಿತ್ತು. ಬಾಯಿ ತೆರೆದೆ. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು, "ಇಂಥಾಕಿ ಮನ್ಯಾಗ ಇದ್ರ ಯಾವ ದಲ್ಲಾಳಿ ನಮಗ ಮೋಸ ಮಾಡ್ತಾನ?" ಎಂದ. ನಾನು ಬಾಯಿ ಮುಚ್ಚಿದೆ. ಅವನು ಪತ್ರಿಕೆ ತೆಗೆದುಕೊಂಡು ಮಡಚಿ ಜೇಬಿಗಿಟ್ಟ.

ಬೆಳಿಗ್ಗೆ ಮೋಟಾರ್‌ಸೈಕಲ್ಲಿನಲ್ಲಿ ಬಂದ ದಲ್ಲಾಳಿಯನ್ನು ಅಪ್ಪ ಕಟ್ಟೆಯಿಂದಲೇ ಕಳಿಸಿದ. "ಪೇಪರ್ ಓದ್ರಿ ಸಾಹುಕಾರ್ರ," ಎಂದ, ಸಲಿಗೆಯಲ್ಲಿ. ಆ ಮನುಷ್ಯ ನಕ್ಕು ಹೋದ. ಅವ್ವ ವಿರೋಧಿಸಲಿಲ್ಲ. ಸುಂಕ ಏರುವ ಸುದ್ದಿಗೆ ಬೆಲೆ ಸುಧಾರಿಸುತ್ತದೆ, ಮರುದಿನ ನಸುಕಿನಲ್ಲಿ ಹೊರಟರೆ ಚಿಟ್ಟೆ ಬರುವುದರೊಳಗೆ ಮಾರುಕಟ್ಟೆ ಮುಟ್ಟಬಹುದು ಎಂದು ಇಬ್ಬರೂ ಲೆಕ್ಕ ಹಾಕಿದರು. ಚೀಲಗಳನ್ನು ನಡುಮನೆಯಲ್ಲಿ, ಸಾರಿಸಿದ ನೆಲದ ಮೇಲೆ ಚಾಪೆ ಹಾಸಿ ಇಟ್ಟರು. ನಾನು ಶಾಲೆಗೆ ಹೋದೆ. ಆ ದಿನ ಏನು ಪಾಠವಾಯಿತೋ ತಿಳಿಯದು. ಮನೆಗೆ ಹೋದ ಕೂಡಲೇ ಹೇಳಬೇಕು ಎಂದುಕೊಂಡೆ. ಮನೆಗೆ ಬಂದಾಗ ಅಪ್ಪ ಟೆಂಪೋದವನಿಗೆ ಹೇಳಿ ಬಂದಿದ್ದ, ಅವ್ವ ಬುತ್ತಿಗೆ ರೊಟ್ಟಿ ಬಡಿಯುತ್ತಿದ್ದಳು. ಊಟವಾದ ಮೇಲೆ ಹೇಳುತ್ತೇನೆ ಎಂದುಕೊಂಡೆ.

ಮರುದಿನ ಬೆಳಕು ಹರಿಯುವಾಗ ಎದ್ದರೆ ಅವ್ವ ನಡುಮನೆಯಲ್ಲಿ ಚೀಲದ ಮುಂದೆ ಕೂತಿದ್ದಳು. ಚೀಲದ ಬಿಳಿ ಬಟ್ಟೆಯ ಮೇಲೆ ಅಲ್ಲಲ್ಲಿ ಕಂದು ಕಲೆಗಳು ಮೂಡಿದ್ದವು. ಒಳಗಿನಿಂದ ಬಹಳ ಸಣ್ಣ ಸದ್ದು ಬರುತ್ತಿತ್ತು. ಅವಳು ಚೀಲದ ಬಾಯಿ ಬಿಚ್ಚಿದಳು. ಚಿಟ್ಟೆಗಳು ಹಾರಲಿಲ್ಲ. ರೇಷ್ಮೆಯ ಚಿಟ್ಟೆಗೆ ಹಾರಲು ಬರುವುದಿಲ್ಲ. ಒದ್ದೆ ರೆಕ್ಕೆ ನಡುಗಿಸುತ್ತ, ಒಂದರ ಮೇಲೊಂದು ಹತ್ತಿ, ಚಾಪೆ ದಾಟಿ ನೆಲದ ಮೇಲೆಲ್ಲ ನಡೆಯತೊಡಗಿದವು. ಮೂರಲ್ಲ, ಎರಡೇ ದಿನಕ್ಕೆ ಬಂದಿದ್ದವು. ಅಪ್ಪ ಇನ್ನೊಂದು ಚೀಲ ಬಿಚ್ಚಿದ, ಮತ್ತೊಂದು ಬಿಚ್ಚಿದ. ಗಟ್ಟಿ ಇರುವ ಗೂಡುಗಳನ್ನು ಆರಿಸಲು ಕೂತ. ಅವನ ಕೈಯಲ್ಲಿ ಹಿಡಿದ ಗೂಡಿನ ತುದಿಯೇ ಒದ್ದೆಯಾಗಿ, ತೆರೆದು, ತಲೆ ಹೊರಬಂತು. ಅವನು ಆರಿಸುವುದನ್ನು ನಿಲ್ಲಿಸಿದ. ಅಜ್ಜಿ ಬಾಗಿಲಲ್ಲಿ ನಿಂತು ಒಂದೇ ಮಾತು ಹೇಳಿದಳು.

"ಜೀವ ಹೊರಗ ಬಂದಾವ. ತುಳೀಬ್ಯಾಡ್ರಿ."

ಆ ಚಿಟ್ಟೆಗಳು ಏನನ್ನೂ ತಿನ್ನುವುದಿಲ್ಲ. ಕೆಲವು ದಿನ ನಮ್ಮ ಮನೆಯ ನೆಲ, ಗೋಡೆ, ಕಿಟಕಿಯ ಗೋಣಿಯ ಮೇಲೆ ತತ್ತಿಯಿಡುತ್ತ ಬದುಕಿದವು. ನಾವು ಕಾಲು ನೋಡಿ ನೋಡಿ ಇಡುತ್ತ ಓಡಾಡಿದೆವು. ಯಾರೂ ಯಾರನ್ನೂ ಬೈಯಲಿಲ್ಲ. ಕೊಟ್ರಪ್ಪ ಮಾವ ಬಂದು ಕಟ್ಟೆಯ ಮೇಲೆ ಕೂತು, ಸ್ವಲ್ಪ ಹೊತ್ತು ಕಾದು, ಟವೆಲ್ಲು ಕೊಡವಿಕೊಂಡು ಎದ್ದು ಹೋದ. ತೂತಾದ ಗೂಡುಗಳನ್ನು ಯಾರೋ ಹಳೆಯ ಸಾಮಾನಿನವನು ಗೋಣಿಯಲ್ಲಿ ಒತ್ತಿ ತುಂಬಿಕೊಂಡು ಹೋದ. ಹದಿನೈದು ದಿನದೊಳಗೆ ಟ್ರ್ಯಾಕ್ಟರು ಬಂದು ಹಿಪ್ಪುನೇರಳೆಯನ್ನು ಬೇರುಸಮೇತ ಎಬ್ಬಿಸಿತು. ಅವ್ವ ಬದುವಿನ ಮೇಲೆ ನಿಂತು ನೋಡಿದಳು. ನಡುಮನೆ ನಮ್ಮದಾಯಿತು. ಅಲ್ಲಿ ಮಲಗಿದ ಮೊದಲ ದಿನಗಳಲ್ಲಿ ನಾಲ್ವರಿಗೂ ನಿದ್ದೆ ಬರಲಿಲ್ಲ. ಅಷ್ಟು ದೊಡ್ಡ ಕೋಣೆ ಸದ್ದೇ ಇಲ್ಲದೆ ಇರಬಲ್ಲದೆಂದು ನಮಗೆ ಗೊತ್ತಿರಲಿಲ್ಲ. ಮುಂದೆ ಅವ್ವ ಊರಿನ ಇತರ ಹೆಂಗಸರೊಂದಿಗೆ ವ್ಯಾನಿನಲ್ಲಿ ಪಟ್ಟಣದ ಸಿದ್ಧ ಉಡುಪಿನ ಘಟಕವೊಂದಕ್ಕೆ ಹೋಗತೊಡಗಿದಳು. ಹೊಲಿದ ಅಂಗಿಗಳ ಮೇಲೆ ಉಳಿದ ದಾರದ ತುದಿಗಳನ್ನು ಕತ್ತರಿಸುವ ಕೆಲಸ. ಅಲ್ಲಿ ಅವಳನ್ನು ಯಾರೂ ಏನನ್ನೂ ಕೇಳುತ್ತಿರಲಿಲ್ಲ.

ಎಷ್ಟೋ ವರ್ಷಗಳ ನಂತರ ನಾನು ಅರ್ಥಶಾಸ್ತ್ರದ ತರಗತಿಯಲ್ಲಿ ಕೂತಿದ್ದೆ. ಅಧ್ಯಾಪಕರು ಹಲಗೆಯ ಮೇಲೆ ಎರಡು ಗೆರೆ ಎಳೆದು, ಸುಂಕ ಇಳಿದಾಗ ಕೊಳ್ಳುವವರಿಗೆ ಆಗುವ ಲಾಭ ಇಷ್ಟು, ದೇಶದೊಳಗಿನ ಉತ್ಪಾದಕರಿಗೆ ಆಗುವ ನಷ್ಟ ಇಷ್ಟು ಎಂದು ತೋರಿಸಿ, ನಷ್ಟದ ಭಾಗವನ್ನು ಸೀಮೆಸುಣ್ಣದಿಂದ ತುಂಬಿದರು. ಲಾಭದ ಭಾಗ ದೊಡ್ಡದಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ನಾನು ಚಿತ್ರವನ್ನು ಅಚ್ಚುಕಟ್ಟಾಗಿ ಬರೆದುಕೊಂಡೆ. ಅದೇ ಸಂಜೆ ಹಾಸ್ಟೆಲ್ಲಿನ ನನ್ನ ಕೋಣೆಯ ಗೆಳತಿ ತನ್ನ ಮನೆಯ ಮಾತು ತೆಗೆದಳು. ಅವಳ ಅಪ್ಪ ರೇಷ್ಮೆ ಸೀರೆ ನೇಯುವವರು. ನೂಲು ತುಟ್ಟಿಯಾಗಿ ಮಗ್ಗ ನಿಂತೇಹೋಗುವುದರಲ್ಲಿತ್ತಂತೆ. ಆ ವರ್ಷ ಹೊರಗಿನ ನೂಲು ಬಂದದ್ದರಿಂದ ಬದುಕಿಕೊಂಡೆವು ಎಂದಳು. ಯಾವ ವರ್ಷ ಎಂದು ಕೇಳಿದೆ. ಅದೇ ವರ್ಷ. ಅವಳು ಒಳ್ಳೆಯ ಹುಡುಗಿ, ಜ್ವರ ಬಂದಾಗ ನನಗೆ ಗಂಜಿ ಮಾಡಿಕೊಟ್ಟವಳು. ನಾನು ಒಳ್ಳೆಯದಾಯಿತು ಎಂದೆ. ಮನಸ್ಸಿನಿಂದಲೇ ಎಂದೆ, ಮತ್ತು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಆಮೇಲೆ ಸುಂಕ ಸ್ವಲ್ಪ ಏರಿತೆಂದು, ಹುಳು ಸಾಕಿ ಚೆನ್ನಾಗಿರುವವರು ಹರಪನಹಳ್ಳಿ ಕಡೆ ಇದ್ದಾರೆಂದು ಓದಿದ್ದೇನೆ, ಕೇಳಿದ್ದೇನೆ. ನಮಗೆ ಅಷ್ಟರಲ್ಲಿ ಹಿಪ್ಪುನೇರಳೆಯ ತೋಟವಿರಲಿಲ್ಲ.

ಅಜ್ಜಿ ಹೋಗಿ ಕೆಲವು ವರ್ಷಗಳಾದವು. ಕಳೆದ ಸಲ ಊರಿಗೆ ಹೋದಾಗ, ಒಂದು ಭಾನುವಾರದ ಮಧ್ಯಾಹ್ನ, ಅವ್ವ ರೊಟ್ಟಿ ಬೇಯಿಸುತ್ತಿದ್ದಳು. ನಾನು ಒಲೆಯ ಪಕ್ಕ ಕೂತು ಅವಳಿಗೆ ಆ ಕೊನೆಯ ಪ್ಯಾರಾದ ವಿಷಯ ಹೇಳಿದೆ. ಹೇಳಲು ಎರಡು ನಿಮಿಷವೂ ಹಿಡಿಯಲಿಲ್ಲ. ಅವಳು ರೊಟ್ಟಿ ಮಗುಚಿದಳು.

"ಇಷ್ಟು ವರ್ಷ ಅದನ್ನ ಹೊತ್ಕೊಂಡು ತಿರಗಿದ್ಯಾ?"

"ಹೂಂ."

"ನಾ ಮೂರು ದಿನ ಅಂದಿದ್ದೆ. ಟೆಂಪೋದಾಗ ಎರಡು ದಿನ ತಾಡಪತ್ರಿ ಕೆಳಗ ಬೆಂದಿದ್ವು ಗೂಡು. ಕಾವಿಗೆ ಬೇಗ ಒಡೀತಾವ ಅಂತ ನನಗ ಗೊತ್ತಿತ್ತು. ಊರಿಗೆಲ್ಲ ದಿನ ಹೇಳಾಕಿ, ಅವತ್ತು ಆ ಕಾವು ಲೆಕ್ಕಕ್ಕ ಹಿಡೀಲಿಲ್ಲ. ಕೆಡಿಸಿದ್ದು ನಿನ್ನ ಪೇಪರ್ ಅಲ್ಲ, ನನ್ನ ಬಾಯಿ." ಇನ್ನೊಂದು ರೊಟ್ಟಿ ಹೆಂಚಿಗೆ ಹಾಕುತ್ತ ಅಂದಳು, "ನಿಮ್ಮಪ್ಪ ಹೊಳ್ಳಿ ತಂದಿದ್ದು ತನ್ನ ತಪ್ಪು ಅಂದ್ಕೊಂಡಾನ. ಅವತ್ತಿನಿಂದ ನನ್ನ ಕೂಡ ಒಂದು ಜಗಳ ಆಡಿಲ್ಲ, ನೋಡೀಯಿಲ್ಲ?"

ನೋಡಿದ್ದೆ. ಅಪ್ಪ ಆಮೇಲೆ ಮೆತ್ತಗಿನ ಮನುಷ್ಯನಾದ. ಹೊರಗಿನವರು ಅದನ್ನು ಮೆಚ್ಚಿ ಮಾತಾಡುತ್ತಾರೆ. ಅಷ್ಟರಲ್ಲಿ ಅವನು ಹೊಲದಿಂದ ಬಂದು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತ. ಅವ್ವ ಬಿಸಿ ರೊಟ್ಟಿ ಹಾಕಿ, ಅವನೆದುರು ನೆಲದ ಮೇಲೆ ಕೂತಳು. ಊಟ ಬಡಿಸುವಾಗ ಅವಳು ಹಾಗೆ ಕೂರುವವಳಲ್ಲ.

"ಕೇಳ್ರಿ ಇಲ್ಲಿ. ಪೇಪರ್‌ನ್ಯಾಗ ಇನ್ನೂ ನಾಕು ಸಾಲು ಇದ್ವಂತ. ಸುಂಕ ಏರ್ಸಂಗಿಲ್ಲ ಅಂತ ಇತ್ತಂತ. ಇಕಿ ನಿಮ್ಮ ಮಾರಿ ನೋಡಿ ಓದ್ಲಿಲ್ಲಂತ."

ಅಪ್ಪ ನನ್ನ ಕಡೆ ನೋಡಿದ. ನಾನು ತಲೆ ತಗ್ಗಿಸಿದೆ.

"ನಾನೂ ದಿನ ತಪ್ಪು ಹೇಳಿದ್ದೆ. ಕಾವಿಗೆ ಬೇಗ ಬರ್ತಾವ ಅಂತ ಗೊತ್ತಿದ್ದೂ ಮೂರು ಅಂದೆ. ನಿಮ್ಮದೊಂದ ಅಲ್ಲ ತಪ್ಪು." ಅವನು ರೊಟ್ಟಿ ಮುರಿದ. ಅವ್ವನ ದನಿ ಏರಿತು. ಅಷ್ಟು ಎತ್ತರದ ದನಿ ಆ ಅಡುಗೆಮನೆಯಲ್ಲಿ ನಾನು ಕೇಳಿ ಬಹಳ ವರ್ಷವಾಗಿತ್ತು. "ಸುಮ್ಮನ ಯಾಕ ಕೂತೀರಿ? ಬೈರಿ. ಇಬ್ಬರೂ ಎದುರಿಗೆ ಅದೀವಿ. ಒಂದು ಸಲ ಬಾಯಿ ತುಂಬ ಬೈದು ಮುಗಿಸ್ರಿ!"

ಅಪ್ಪ ಮುರಿದ ರೊಟ್ಟಿಯ ಚೂರನ್ನು ಕೈಯಲ್ಲೇ ಹಿಡಿದು ಬಹಳ ಹೊತ್ತು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಹುಡುಕುವವನ ಹಾಗೆ. ಮೊದಲು ಅವ್ವನ ಮುಖ ನೋಡಿದ, ಆಮೇಲೆ ನನ್ನದು, ಆಮೇಲೆ ತೆರೆದ ಬಾಗಿಲಿನ ಕಡೆ.

"ಯಾರನ್ನ ಅಂತ ಬೈಲಿ?" ಎಂದ.